ಒಳ್ಳೆ ಸೀಟು ಕೇಳುವವರಿಗೆ ಸಿಗಲಿ

ಬೆಂಗಳೂರಿನ ಹಳೆಯ ಸಭಾಂಗಣಗಳಲ್ಲಿ ಸಂಗೀತ ಕಛೇರಿ ಏರ್ಪಡಿಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಯಾವ ಸೀಟಿನಲ್ಲಿ ಕೂತರೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಅನ್ನುವುದನ್ನು ಟಿಕೆಟ್ ಮಾರುವ ಮೊದಲೇ ಹೇಳಿ. ಚೆನ್ನಾಗಿ ಕೇಳಿಸುವ ಸೀಟುಗಳನ್ನು ಪಾಸಿನವರಿಗೆಂದು ಎತ್ತಿಡುವುದನ್ನು ನಿಲ್ಲಿಸಿ. ಮಾಗಡಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ನಾನು. ಮೈಕೇ ಇಲ್ಲದೆ ಎಂಬತ್ತು, ತೊಂಬತ್ತು ಜನ ಕೂತು ನುಡಿಸುವ ಸಿಂಫನಿ ಆರ್ಕೆಸ್ಟ್ರಾದ ಉಸಾಬರಿ ನಿನಗ್ಯಾಕೆ ಎಂದು ಗೆಳೆಯರು ಕೇಳಿದ್ದುಂಟು. ಕೂತ ಜಾಗಕ್ಕೂ ಕಿವಿಗೆ ಬೀಳುವ ಸದ್ದಿಗೂ ಎಂಥ ನಂಟು ಅನ್ನುವುದನ್ನು ನನ್ನ ಕಸುಬು ಪ್ರತಿ ಕಾರ್ಯಕ್ರಮದಲ್ಲೂ ಕಲಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಂದೆ ಅಂಗಡಿ ಶುರು ಮಾಡಿದಾಗ ಒಂದು ಅಹುಜಾ ಆಂಪ್ಲಿಫೈಯರು, ಎರಡು ಹಾರ್ನು, ಒಂದು ಬ್ಯಾಟರಿ, ಅಷ್ಟೇ ಬಂಡವಾಳ. ತಿರುಮಲೆ ರಂಗನಾಥಸ್ವಾಮಿಯ ತೇರಿಗೆ, ಕಬ್ಬಾಳಮ್ಮನ ಜಾತ್ರೆಗೆ, ರಾಮನಗರದ ಚಾಮುಂಡೇಶ್ವರಿ ಕರಗಕ್ಕೆ, ಚನ್ನಪಟ್ಟಣದ ಗಣೇಶೋತ್ಸವಗಳಿಗೆ ಅವರು ಸೈಕಲ್ಲಿನ ಹಿಂದೆ ಹಾರ್ನು ಕಟ್ಟಿಕೊಂಡು ಹೋದವರು. ಹಾರ್ನು ಕಟ್ಟಿ ಮುಗಿದ ಮೇಲೆ ಅವರದೊಂದು ನೇಮ ಇತ್ತು. ಜನ ಸೇರುವ ಮುಂಚೆ ಹಾಡೊಂದನ್ನು ಹಾಕಿ, ವೇದಿಕೆಯ ಮುಂದಿನಿಂದ ಹಿಡಿದು ಕೊನೆಯ ಕುರ್ಚಿಯವರೆಗೆ, ಅಲ್ಲಿಂದ ಎಡಕ್ಕೆ, ಬಲಕ್ಕೆ ನಡೆದು ಬರುತ್ತಿದ್ದರು. ಎಲ್ಲಿ ಮಾತು ಕಲಸಿಹೋಗುತ್ತದೋ ಅಲ್ಲಿ ನಿಂತು, ಮರದ ಮೇಲಿದ್ದ ನನಗೆ ಕೈ ಮಾಡಿ ಹಾರ್ನಿನ ಮುಖ ತಿರುಗಿಸಲು ಹೇಳುತ್ತಿದ್ದರು. ಈಗ ನಮ್ಮಲ್ಲಿ ದೊಡ್ಡ ಸ್ಪೀಕರುಗಳು, ಡಿಜಿಟಲ್ ಮಿಕ್ಸರು ಎಲ್ಲ ಬಂದಿವೆ. ಆ ನಡಿಗೆಯನ್ನು ಮಾತ್ರ ನಾನು ಬಿಟ್ಟಿಲ್ಲ. ಕೂರುವವನ ಜಾಗಕ್ಕೆ ಹೋಗಿ ಕೇಳದೆ ಅವನಿಗೆ ಏನು ಕೇಳಿಸುತ್ತದೆ ಅಂತ ಗೊತ್ತಾಗುವುದಿಲ್ಲ.

ಬಯಲಿನಲ್ಲಿ ಲೆಕ್ಕ ಸರಳ. ವೇದಿಕೆಯಿಂದ ಹತ್ತು ಮೀಟರು ದೂರದಲ್ಲಿದ್ದವನು ಇಪ್ಪತ್ತು ಮೀಟರಿಗೆ ಸರಿದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಸಭಾಂಗಣದ ಒಳಗೆ ಹಾಗಲ್ಲ. ಅಲ್ಲಿ ವೇದಿಕೆಯಿಂದ ನೇರ ಬರುವ ಸದ್ದಿನ ಜೊತೆಗೆ ಗೋಡೆ, ಛಾವಣಿ, ನೆಲ ಮುಟ್ಟಿ ಬರುವ ಸದ್ದೂ ಸೇರುತ್ತದೆ. ಹಾಗೆ ತಿರುಗಿ ಬಂದದ್ದು ನೇರ ಸದ್ದಿನ ಬೆನ್ನಲ್ಲೇ ಬಂದರೆ ದನಿ ತುಂಬಿಕೊಳ್ಳುತ್ತದೆ, ವಾದ್ಯಕ್ಕೆ ಮೈ ಬರುತ್ತದೆ. ತಡವಾಗಿ ಬಂದರೆ ಪ್ರತಿಧ್ವನಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಸುತ್ತಿ ಬಂದ ದಾರಿ ನೇರ ದಾರಿಗಿಂತ ಹದಿನೇಳು, ಹದಿನೆಂಟು ಮೀಟರು ಹೆಚ್ಚಾದರೆ ಕಿವಿ ಅದನ್ನು ಬೇರೆ ಸದ್ದು ಎಂದು ಹಿಡಿಯತೊಡಗುತ್ತದೆ. ಒಂದೇ ಸಭಾಂಗಣದ ಎರಡು ಸೀಟುಗಳಲ್ಲಿ ಒಂದೇ ಕಛೇರಿ ಎರಡಾಗಿ ಕೇಳಿಸುವುದು ಇದರಿಂದಲೇ.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಗೊಜಗೊಜ ಆಗುತ್ತಿದೆ, ಸರಿಮಾಡಿ ಎಂದು ಅವರಿಗೆ ಒಪ್ಪಿಸಿದರು. ಅವರು ಬೇರೆ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದಾಗಿ ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳು ವಾಪಸ್. ಮೆತ್ತೆಯಷ್ಟೇ ಅಲ್ಲ, ಬಂದು ಕೂತ ಮನುಷ್ಯನ ಮೈಯೂ ಬಟ್ಟೆಯೂ ಸದ್ದು ಹೀರುತ್ತವೆ ಎನ್ನುವುದನ್ನು ಅಂಕಿಯಲ್ಲಿ ತೋರಿಸಿದರು. ಆ ಲೆಕ್ಕದ ಮೇಲೆ ಕಟ್ಟಿದ ಬೋಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇವತ್ತಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದರ ಹೆಸರು ಇದೆ. ಕೇಳುಗ ಸಭಾಂಗಣದ ಒಂದು ಭಾಗ ಅನ್ನುವುದನ್ನು ಆ ಮೇಷ್ಟ್ರಿಂದ ನಾನು ಕಲಿತೆ. ಖಾಲಿ ಹಾಲಿನಲ್ಲಿ ಸೌಂಡ್ ಸರಿಮಾಡಿಟ್ಟರೂ ಜನ ತುಂಬಿದ ಮೇಲೆ ಮತ್ತೆ ಸರಿಮಾಡಲೇಬೇಕಾಗುವುದು ಯಾಕೆ ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು.

ನನ್ನ ಅಕ್ಕನ ಮಗಳು ಚನ್ನಪಟ್ಟಣದವಳು. ಡಿಗ್ರಿ ಓದುತ್ತಾಳೆ, ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪಿಟೀಲು ಕಲಿಯುತ್ತಾಳೆ, ಪಾಶ್ಚಾತ್ಯ ಶೈಲಿಯದ್ದು. ಕಳೆದ ವರ್ಷ ಹೊರದೇಶದ ಆರ್ಕೆಸ್ಟ್ರಾ ಒಂದು ಬೆಂಗಳೂರಿಗೆ ಬರುವ ಸುದ್ದಿ ತಿಳಿದು ಫೋನ್ ಮಾಡಿದಳು. "ಮಾವ, ಎರಡನೇ ಸಾಲು ಸಿಗ್ತಾ ಇದೆ, ತಗೊಂಡುಬಿಡ್ಲಾ? ಆಮೇಲೆ ಹೋಗ್ಬಿಡುತ್ತೆ."

"ತಡಿ ಕಣಮ್ಮ, ಮೊದಲು ಹಾಲಿನ ನಕ್ಷೆ ಕಳ್ಸು" ಅಂದೆ.

ಸಿಂಫನಿ ಆರ್ಕೆಸ್ಟ್ರಾ ವೇದಿಕೆಯ ಮೇಲೆ ಹೇಗೆ ಕೂರುತ್ತದೆ ಎಂದು ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಸಾಮಾನ್ಯವಾಗಿ ನಮ್ಮ ಎಡಕ್ಕೆ ಮೊದಲ ಪಿಟೀಲುಗಳು, ಅವುಗಳ ಪಕ್ಕ ಎರಡನೇ ಪಿಟೀಲುಗಳು, ಆಮೇಲೆ ವಿಯೋಲ, ಬಲಕ್ಕೆ ಚೆಲ್ಲೊ, ಅದರ ಬೆನ್ನಿಗೆ ಡಬಲ್ ಬಾಸ್. ತಂತಿ ವಾದ್ಯಗಳ ಹಿಂದೆ ಕೊಳಲು, ಓಬೊ, ಕ್ಲಾರಿನೆಟ್, ಬಸೂನ್. ಅವುಗಳ ಹಿಂದೆ ಫ್ರೆಂಚ್ ಹಾರ್ನ್, ಟ್ರಂಪೆಟ್, ಟ್ರಾಂಬೋನ್. ಎಲ್ಲಕ್ಕೂ ಹಿಂದೆ ಟಿಂಪನಿ ಮತ್ತಿತರ ತಾಳವಾದ್ಯಗಳು. ವೇದಿಕೆ ನೆಲಕ್ಕಿಂತ ಮೂರ್ನಾಲ್ಕು ಅಡಿ ಎತ್ತರ. ಎರಡನೇ ಸಾಲಿನಲ್ಲಿ ಕೂತವಳಿಗೆ ಮೊದಲ ಪಿಟೀಲಿನವರ ಮೊಣಕಾಲು, ನಿರ್ದೇಶಕರ ಬೆನ್ನು ಚೆನ್ನಾಗಿ ಕಾಣುತ್ತವೆ. ಓಬೊ ನುಡಿಸುವವರು ಕಾಣುವುದೇ ಇಲ್ಲ. ಹತ್ತಿರದ ಏಳೆಂಟು ಪಿಟೀಲು ಕಿವಿ ತುಂಬಿಕೊಳ್ಳುತ್ತವೆ, ಹಿಂದಿನ ವಾದ್ಯಗಳ ದನಿ ತಲೆಯ ಮೇಲೆ ಹಾದುಹೋಗುತ್ತದೆ. ಒಬ್ಬರ ಕೈಚಳಕ ನೋಡಲೆಂದೇ ಹೋಗುವವರಿಗೆ ಆ ಸೀಟು ಇರಲಿ. ಅಷ್ಟೂ ವಾದ್ಯಗಳು ಒಂದಾಗಿ ಬರುವುದನ್ನು ಕೇಳಬೇಕಾದರೆ ಹಿಂದಕ್ಕೆ, ಮೇಲಕ್ಕೆ ಸರಿಯಬೇಕು.

ಎಷ್ಟು ಹಿಂದಕ್ಕೆ? ನೆಲಮಹಡಿಯಲ್ಲಾದರೆ ಹತ್ತರಿಂದ ಹದಿನೈದನೇ ಸಾಲಿನ ನಡುವೆ, ಮಧ್ಯಕ್ಕೆ. ಬಾಲ್ಕನಿ ಇದ್ದರೆ ಅದರ ಮೊದಲೆರಡು ಸಾಲು, ಅದೂ ಮಧ್ಯ. ಬಾಲ್ಕನಿಯ ಮುಂದಿನ ಸಾಲಿಗೆ ವೇದಿಕೆಯ ಎಲ್ಲ ಸಾಲುಗಳಿಂದಲೂ ಅಡ್ಡಿಯಿಲ್ಲದೆ ದನಿ ಬರುತ್ತದೆ, ಮೇಲಿನ ಛಾವಣಿಯಿಂದಲೂ ಬರುತ್ತದೆ. ಬಾಲ್ಕನಿಯ ಕೆಳಗೆ ಆಳಕ್ಕೆ ಹೋಗಿ ಕೂರುವುದು ಬೇಡ. ತಲೆಯ ಮೇಲಿನ ತಗ್ಗು ಸೂರು ಮೇಲಿಂದ ಬರುವ ದನಿಯನ್ನೆಲ್ಲ ತಡೆಯುತ್ತದೆ. ಕೂತಲ್ಲಿಂದ ತಲೆ ಎತ್ತಿದರೆ ಸಭಾಂಗಣದ ದೊಡ್ಡ ಛಾವಣಿ ಕಾಣಬೇಕು, ಇದು ಎಲ್ಲ ಹಾಲಿಗೂ ಹೊಂದುವ ಸುಲಭ ಪರೀಕ್ಷೆ. ಪಿಯಾನೊ ಇರುವ ದಿನ ಬೆರಳು ನೋಡಬೇಕೆನ್ನುವವರು ಎಡಕ್ಕೆ ಕೂರಬೇಕು. ಪಿಯಾನೊದ ಮುಚ್ಚಳ ತೆರೆದುಕೊಳ್ಳುವುದು ಸಭಿಕರ ಕಡೆಗೆ, ಹಾಗಾಗಿ ಮಧ್ಯದಲ್ಲೋ ತುಸು ಬಲಕ್ಕೋ ಕೂತವರಿಗೆ ದನಿ ಒಳ್ಳೆಯದಾಗಿ ಸಿಗುತ್ತದೆ. ಕೆಲವು ಹಾಲುಗಳಲ್ಲಿ ಆರ್ಕೆಸ್ಟ್ರಾದ ಹಿಂಬದಿಯಲ್ಲೂ ಸೀಟು ಇರುತ್ತವೆ. ಅಲ್ಲಿ ನಿರ್ದೇಶಕರ ಮುಖ ಕಾಣುವುದು ಒಂದು ಸುಖವೇ. ಆದರೆ ಫ್ರೆಂಚ್ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಅದು ಅಲ್ಲಿ ಕೂತವರ ಎದೆಗೇ ಬಂದು ಬೀಳುತ್ತದೆ. ಹಾಡುವವರು ಇದ್ದರಂತೂ ಅವರ ಬೆನ್ನು ಮಾತ್ರ ಗತಿ. ನಮ್ಮ ಹಳೆಯ ಹಾಲುಗಳ ವಿಷಯಕ್ಕೆ ಬಂದರೆ ಇನ್ನೂ ನಾಲ್ಕು ನೋಡಿಕೊಳ್ಳಬೇಕು: ಕಂಬ ಎಲ್ಲಿದೆ, ಎ.ಸಿ. ಗಾಳಿಯ ಬಾಯಿ ಎಲ್ಲಿದೆ, ಪಕ್ಕದ ಬಾಗಿಲಾಚೆ ಜನರೇಟರ್ ಇದೆಯೋ, ಓಡಾಟದ ದಾರಿ ಯಾವ ಕಡೆ.

ನಕ್ಷೆ ಅಂತ ಅವಳು ಕಳಿಸಿದ್ದರಲ್ಲಿ ಇವು ಯಾವುವೂ ಇರಲಿಲ್ಲ. ಬಣ್ಣದ ಮೂರು ಪಟ್ಟಿ ಇದ್ದವು, ಅಷ್ಟೇ. ಮುಂದಿನದು ದುಬಾರಿ, ನಡುವಿನದು ಸಾಧಾರಣ, ಹಿಂದಿನದು ಅಗ್ಗ. ಬಾಲ್ಕನಿಯ ಮಧ್ಯದ ಸೀಟುಗಳು ಬೂದು ಬಣ್ಣದಲ್ಲಿದ್ದವು, ಒತ್ತಿದರೆ ತೆರೆಯಲಿಲ್ಲ. ಸಿಕ್ಕಿದ್ದು ಕೆಳಗೆ, ಬಾಲ್ಕನಿಯ ಸೂರಿನಡಿಯ ಎರಡು ಸೀಟು.

ಕಛೇರಿಯ ದಿನ ಹೋಗಿ ನೋಡಿದಾಗ ಬೂದು ಬಣ್ಣದ ಗುಟ್ಟು ತಿಳಿಯಿತು. ಬಾಲ್ಕನಿಯ ಮಧ್ಯದಲ್ಲೂ ಕೆಳಗಿನ ಮೊದಲ ಮೂರು ಸಾಲುಗಳಲ್ಲೂ ಕುರ್ಚಿಗಳ ಬೆನ್ನಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಪಾಸಿನವರ ಜಾಗ. ಮೊದಲರ್ಧ ಪೂರ್ತಿ ಬೆಥೊವೆನ್. ನಾವು ಕೂತಲ್ಲಿಗೆ ಟ್ರಂಪೆಟ್ ಬಂತು, ಟಿಂಪನಿ ಗುಬುಗುಬು ಅಂತ ಬಂತು, ಚೆಲ್ಲೊಗಳು ಪಕ್ಕದ ಕೋಣೆಯಲ್ಲಿ ನುಡಿದಂತೆ ಬಂದವು. ಹುಡುಗಿ ಮುಂದಕ್ಕೆ ಬಾಗಿ ಬಾಗಿ ಕೇಳುತ್ತಿದ್ದಳು. ಬಿಳಿ ಬಟ್ಟೆಯ ಕುರ್ಚಿಗಳಲ್ಲಿ ಅರ್ಧ ಖಾಲಿ. ಬಂದವರಲ್ಲೂ ಕೆಲವರು ಮೊದಲ ಕೃತಿ ಮುಗಿದ ಮೇಲೆ ಬಂದು, ಕೈಮುಗಿದು, ಫೋಟೊ ತೆಗೆಸಿಕೊಂಡು, ವಿರಾಮಕ್ಕೆ ಮುಂಚೆಯೇ ಎದ್ದರು. ವಿರಾಮದಲ್ಲಿ ಬಾಗಿಲಲ್ಲಿದ್ದ ಹುಡುಗನೊಬ್ಬನನ್ನು ಕೇಳಿಕೊಂಡೆವು. ಒಳ್ಳೆಯವನು, ಮೇಲೆ ಬಿಟ್ಟ.

ಎರಡನೇ ಅರ್ಧಕ್ಕೆ ದ್ವೊರ್ಜಾಕ್‌ನ ಒಂಬತ್ತನೇ ಸಿಂಫನಿ. 1893ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೊದಲ ಸಲ ನುಡಿಸಿದ ಕೃತಿ. ಅದರ ಎರಡನೇ ಭಾಗದಲ್ಲಿ ಕೋರ್ ಆಂಗ್ಲೆ ಎಂಬ ವಾದ್ಯವೊಂದು, ಓಬೊದ ದೊಡ್ಡಣ್ಣ ಅನ್ನಬಹುದು, ಒಂಟಿಯಾಗಿ ಒಂದು ನಿಧಾನದ ರಾಗ ಎತ್ತುತ್ತದೆ. ಅದರಡಿಯಲ್ಲಿ ತಂತಿ ವಾದ್ಯಗಳು ದನಿ ತಗ್ಗಿಸಿ ಹಾಸಿಕೊಡುತ್ತವೆ. ಬಾಲ್ಕನಿಯ ಮೊದಲ ಸಾಲಿಗೆ ಆ ಒಂದು ದನಿ ಎಷ್ಟು ಸಲೀಸಾಗಿ ಬಂತೆಂದರೆ ನುಡಿಸುವವರ ಉಸಿರು ತಿರುಗಿದ್ದೂ ತಿಳಿಯುತ್ತಿತ್ತು. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಅದೇ ಆರ್ಕೆಸ್ಟ್ರಾ, ಅದೇ ಹಾಲು, ಅದೇ ರಾತ್ರಿ. ಸುಮ್ಮನೆ ಖಾಲಿ ಬಿದ್ದಿದ್ದ ಒಂದು ಕುರ್ಚಿಯಿಂದ ಅವಳು ಮೊದಲ ಸಲ ಸಿಂಫನಿ ಅಂದರೇನು ಎಂದು ಕೇಳಿ ತಿಳಿದಳು. ಆ ಬಾಗಿಲಲ್ಲಿ ಬೇರೆ ಹುಡುಗ ಇದ್ದಿದ್ದರೆ ಕೇಳುತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಇದು ನಮಗೆ ಸಂಬಂಧಿಸಿದ ಸಂಗೀತವೇ ಎಂದು ಕೇಳುವವರಿಗೆ ಮೈಸೂರಿನ ಕಡೆ ನೋಡಿ ಎನ್ನುತ್ತೇನೆ. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಇತ್ತು, ಆಟೊ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ಅದನ್ನು ನಡೆಸುತ್ತಿದ್ದರು. ಆ ಪರಂಪರೆಯ ಪೊಲೀಸ್ ಬ್ಯಾಂಡನ್ನು ದಸರೆಯಲ್ಲಿ ಕೇಳಲು ರಾಮನಗರ, ಚನ್ನಪಟ್ಟಣದಿಂದ ರೈಲು ಹತ್ತಿ ಹೋಗುವ ಕುಟುಂಬಗಳು ಇವತ್ತಿಗೂ ಇವೆ. ಮಹಾರಾಜ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟರು, ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಜರ್ಮನಿಯ ಸಂಗೀತ ಸಂಯೋಜಕ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಅವರ 'ನಾಲ್ಕು ಕೊನೆಯ ಹಾಡುಗಳು' ಮೊದಲ ಸಲ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರಿನ ಜಾಮೀನು ನಿಂತವರು ನಮ್ಮ ಮೈಸೂರಿನ ಮಹಾರಾಜರು. ಅವರು ಅಂದು ಅಲ್ಲಿರಲಿಲ್ಲ. ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕು ಎನ್ನುವುದು ಅವರ ಕೋರಿಕೆಯಾಗಿತ್ತು. ಜಾಮೀನು ನಿಂತವರೇ ಇಲ್ಲದ ಆ ಕಛೇರಿಯ ಧ್ವನಿಮುದ್ರಣದಿಂದಾಗಿ ಇವತ್ತು ಮಾಗಡಿಯಲ್ಲಿ ಕೂತ ನಾನೂ ಅದನ್ನು ಕೇಳಬಲ್ಲೆ. ದನಿ ಗೊರಗೊರ ಅನ್ನುತ್ತದೆ, ಹಳೆಯ ತಟ್ಟೆ ಸವೆದ ಸದ್ದು. ಆದರೂ ಕೇಳಿ.

ಆ ಆಲ್ಬರ್ಟ್ ಹಾಲು ಸೀಟಿನ ವಿಷಯಕ್ಕೆ ದೊಡ್ಡ ಪಾಠಶಾಲೆ. 1871ರಲ್ಲಿ ತೆರೆದ ಅಂಡಾಕಾರದ ಕಟ್ಟಡ, ಮೇಲೆ ಭಾರೀ ಗುಮ್ಮಟ, ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಉದ್ಘಾಟನೆಯ ದಿನವೇ ಭಾಷಣ ಗುಮ್ಮಟಕ್ಕೆ ತಾಗಿ ತಿರುಗಿ ಬಂತು. ಕೆಲವು ಸೀಟಿನವರಿಗೆ ಎಲ್ಲವೂ ಎರಡು ಸಲ ಕೇಳಿಸುತ್ತಿತ್ತು. ತೊಂಬತ್ತೆಂಟು ವರ್ಷ ಕಳೆದ ಮೇಲೆ, 1969ರ ಹೊತ್ತಿಗೆ, ಗುಮ್ಮಟದಡಿ ನಾಯಿಕೊಡೆ ಆಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ನೇತುಹಾಕಿ ಪ್ರತಿಧ್ವನಿಯನ್ನು ಒಡೆದರು. ಹಳೆಯ ಕಟ್ಟಡದ ಗೌರವ ಉಳಿಸಿಕೊಂಡೇ ಅದರ ಕಿವಿ ಸರಿಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೇಸಿಗೆಯಲ್ಲಿ ಅಲ್ಲಿ ಪ್ರಾಮ್ಸ್ ಎಂಬ ಸಂಗೀತೋತ್ಸವ ನಡೆಯುತ್ತದೆ. 1941ರಲ್ಲಿ ಬಾಂಬು ಬಿದ್ದು ಕ್ವೀನ್ಸ್ ಹಾಲ್ ನಾಶವಾದಾಗ ಆ ಉತ್ಸವ ಆಲ್ಬರ್ಟ್ ಹಾಲಿಗೆ ಬಂತು. ವೇದಿಕೆಯ ಎದುರಿಗೇ, ನೆಲದಲ್ಲಿ, ಆಸನ ತೆಗೆದು ಜಾಗ ಬಿಟ್ಟಿರುತ್ತಾರೆ. ಅಲ್ಲಿ ನಿಂತು ಕೇಳಬೇಕು. ಸರತಿಯಲ್ಲಿ ಕಾದು ಅಂದಂದೇ ಟಿಕೆಟ್ ಕೊಳ್ಳಬಹುದು, 2024ರಲ್ಲಿ ಅದರ ಬೆಲೆ 8 ಪೌಂಡ್ ಇತ್ತು. ದುಬಾರಿ ಸೀಟಿನವರು ಸುತ್ತ, ಮೇಲೆ ಕೂತಿರುತ್ತಾರೆ. ಆರ್ಕೆಸ್ಟ್ರಾಕ್ಕೆ ಎಲ್ಲರಿಗಿಂತ ಹತ್ತಿರ ನಿಂತವನು ವಿದ್ಯಾರ್ಥಿಯೋ, ಬಸ್ ಡ್ರೈವರೋ, ಮೈಕ್‌ಸೆಟ್ಟಿನವನೋ ಇರಬಹುದು. ವಿಯೆನ್ನಾದ ಮುಜಿಕ್‌ಫೆರೈನ್ ಸಭಾಂಗಣ 1870ರದ್ದು, ಅಲ್ಲೂ ಹಿಂಬದಿಯಲ್ಲಿ ನಿಂತು ಕೇಳುವವರಿಗೆ ಅಗ್ಗದ ಜಾಗ ಕಾದಿಟ್ಟಿದ್ದಾರೆ. ನೂರಾರು ವರ್ಷದ ಸಂಗೀತ ಸಂಪ್ರದಾಯ ಇರುವ ಊರುಗಳೇ ಕಿವಿ ಇರುವ ಬಡವನಿಗೆ ಜಾಗ ಬಿಟ್ಟಿರುವಾಗ ನಮಗೇನು ಕಷ್ಟ?

ನಮ್ಮಲ್ಲೂ ಇದು ಹೊಸದಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ನಡೆಯುವ, 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳನ್ನು ಪೆಂಡಾಲಿನ ಹೊರಗೆ ರಸ್ತೆಬದಿಯಲ್ಲಿ ನಿಂತು ಕೇಳಿದವರಲ್ಲಿ ನಮ್ಮ ತಂದೆಯೂ ಒಬ್ಬರು. ಟೆಂಟ್ ಸಿನಿಮಾದಲ್ಲಿ, ಕಂಪನಿ ನಾಟಕದಲ್ಲಿ ನೆಲ, ಬೆಂಚು, ಕುರ್ಚಿ ಎಂದು ದರ ಬೇರೆ ಇತ್ತು. ಆದರೆ ನಾಟಕದವರು ನೆಲದವನನ್ನು ಮರೆಯುತ್ತಿರಲಿಲ್ಲ, ಕೊನೆಯ ಬೆಂಚಿಗೆ ಮುಟ್ಟದ ಮಾತು ಮಾತೇ ಅಲ್ಲ ಎನ್ನುವುದು ಅವರ ಪಾಠ. ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಹಾಕಿ ಏಳು ತಂತಿಯದನ್ನು ಮಾಡಿಕೊಂಡದ್ದು ಯಾಕೆ? ಮೈಕ್ ಇಲ್ಲದ ಕಾಲ. ಹಿಂದೆ ಕೂತವರಿಗೆ ಪಿಟೀಲು ಕೇಳಿಸುವುದಿಲ್ಲ ಎನ್ನುವ ಕೊರಗು ಅವರನ್ನು ಕಾಡಿತು. ಹಿಂದಿನ ಸಾಲಿನ ಕೇಳುಗನಿಗಾಗಿ ವಾದ್ಯವನ್ನೇ ಬದಲಿಸಿದ ಮನುಷ್ಯ ಅವರು. ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದು. ಆ ಹೆಸರಿರುವ ಊರಿನಲ್ಲಿ ಸೀಟು ಹಂಚುವವರು ಮೊದಲು ನೆನೆಯಬೇಕಾದದ್ದು ಅವರ ಆ ಕೊರಗನ್ನು.

ಪಾಸು ಪೂರ್ತಿ ಬೇಡ ಎಂದು ನಾನು ಹೇಳುವುದಿಲ್ಲ. ಹಣ ಕೊಟ್ಟವರು, ನಡೆಸುವವರ ಮನೆಯವರು, ಹಿರಿಯ ಸಂಗೀತಗಾರರು ಬರಬೇಕು, ಅವರಿಗೆ ಜಾಗ ಬೇಕು. ಅವರಿಗೆ ಮುಂದಿನ ಮೂರು ಸಾಲು ಕೊಡಿ. ಗೌರವ ಕಾಣುವ ಜಾಗವೂ ಅದೇ, ವೇದಿಕೆಯಿಂದ ಕೈಮುಗಿಯುವುದಕ್ಕೆ ಅನುಕೂಲವೂ ಅದೇ. ಕೇಳುವುದಕ್ಕೆ ಅತ್ಯುತ್ತಮವಾದ ಬಾಲ್ಕನಿಯ ಮಧ್ಯ, ನೆಲಮಹಡಿಯ ಮಧ್ಯ ಮಾರಾಟಕ್ಕೆ ಇರಲಿ. ಅದರಲ್ಲಿ ಹತ್ತಕ್ಕೊಂದು ಪಾಲು ಸಂಗೀತ ಕಲಿಯುವ ಮಕ್ಕಳಿಗೆ ಅಗ್ಗದ ದರದಲ್ಲಿ ಇರಲಿ, ಗುರುತಿನ ಚೀಟಿ ನೋಡಿ ಕೊಟ್ಟರಾಯಿತು. ಪಾಸಿನವರು ಮೊದಲ ಗಂಟೆ ಬಾರಿಸುವ ಹೊತ್ತಿಗೆ ಬರದಿದ್ದರೆ ಬಟ್ಟೆ ತೆಗೆದು, ಹೊರಗೆ ಕಾಯುವವರನ್ನು ಕೂರಿಸಿ. ನಕ್ಷೆಯಲ್ಲಿ ಕಂಬ, ಬಾಲ್ಕನಿಯ ಸೂರು, ಬಾಗಿಲು, ಎ.ಸಿ. ಬಾಯಿ ಎಲ್ಲ ಬರೆಯಿರಿ, ಅಲ್ಲಿನ ಸೀಟಿಗೆ ಬೆಲೆ ಇಳಿಸಿ. ಯಾವ ಕಾನೂನೂ ಬೇಕಾಗಿಲ್ಲ. ಒಬ್ಬರು ಒಂದು ಮಧ್ಯಾಹ್ನ ಹಾಲಿನಲ್ಲಿ ಸಾಲು ಸಾಲಾಗಿ ನಡೆದು ಕೇಳಿ ಬರೆದುಕೊಂಡರೆ ಸಾಕು.

ಸಮಯದ ಮಾತನ್ನೂ ಇಲ್ಲೇ ಹೇಳಬೇಕು. ರಾಮನಗರ, ಚನ್ನಪಟ್ಟಣದವರಿಗೆ ರೈಲು ಇದೆ. ಮಾಗಡಿಗೂ ಕನಕಪುರಕ್ಕೂ ಇಲ್ಲ. ಕನಕಪುರದವರು ಈಗ ರೇಷ್ಮೆ ಸಂಸ್ಥೆಯವರೆಗೆ ಬಸ್ಸಿನಲ್ಲಿ ಬಂದು ಮೆಟ್ರೊ ಹಿಡಿಯಬಹುದು, ಪುರಭವನದ ಕಡೆ ಹೋಗುವವರು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ನಡೆಯಬಹುದು. ತಿರುಗಿ ಬರುವಾಗಿನ ಪಾಡು ಬೇರೆ. ಆರೂವರೆ ಎಂದು ಟಿಕೆಟ್ಟಿನಲ್ಲಿ ಬರೆದು, ಭಾಷಣ, ಹಾರ, ಶಾಲು ಎಲ್ಲ ಮುಗಿಸಿ ಏಳೂಕಾಲಿಗೆ ಶುರು ಮಾಡಿದರೆ ಕೊನೆಯ ಭಾಗ ಕೇಳುವ ಭಾಗ್ಯ ಬೆಂಗಳೂರಿನವರಿಗಷ್ಟೇ. ಸಿಂಫನಿಯಲ್ಲಿ ಕೊನೆಯ ಭಾಗಕ್ಕೆ ಎಲ್ಲ ಕೂಡಿಬರುತ್ತದೆ. ಅದನ್ನು ಬಿಟ್ಟು ಮೆಜೆಸ್ಟಿಕ್ಕಿಗೆ ಓಡುವ ದೂರದೂರಿನವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾರ, ಶಾಲು ವಿರಾಮದಲ್ಲಿ ಆಗಲಿ.

ದೂರದೂರಿನಲ್ಲಿ ಇದನ್ನು ಕೇಳುವವರು ಎಲ್ಲಿದ್ದಾರೆ ಎನ್ನಬೇಡಿ. 2025ರ ಮಾರ್ಚ್ 8ರಂದು ಇಳೆಯರಾಜ ಅವರು ಲಂಡನ್ನಿನ ಅಪೊಲೊ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ತಮ್ಮ ಸಿಂಫನಿಯನ್ನು ನುಡಿಸಿದರು. ಆ ವಾರ ನಮ್ಮ ಅಂಗಡಿಗೆ ಬಂದವರಲ್ಲಿ ಅದರ ತುಣುಕನ್ನು ಮೊಬೈಲಿನಲ್ಲಿ ತೋರಿಸದವರು ಕಡಿಮೆ. ಅವರ 'ಗೀತಾ', 'ಪಲ್ಲವಿ ಅನುಪಲ್ಲವಿ' ಸಿನಿಮಾ ಹಾಡುಗಳಲ್ಲಿ ಪಿಟೀಲುಗಳ ಹಿಂಡು ಏಳುವುದನ್ನು ಕೇಳಿ ಬೆಳೆದ ಕಿವಿಗಳು ಇವು. ಕೇಳುವ ಆಸೆ ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕಿನಲ್ಲೂ ಇದೆ. ಜಾಗ ಇಲ್ಲ.

ನಮ್ಮ ರಾಮನಗರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರು ಬೆಂಗಳೂರಿನದಾದ ಮೇಲೆ ಒಂದು ಒಳ್ಳೆಯ ಸಭಾಂಗಣವೂ ಇರಲಿ ಎಂದು ಕೇಳುವ ಹಕ್ಕು ನಮಗಿದೆ. ಬಯಲಿನ ಕಲೆಗೆ ಎಚ್.ಎಲ್. ನಾಗೇಗೌಡರು ಹೆದ್ದಾರಿ ಬದಿಯಲ್ಲಿ ಜಾನಪದ ಲೋಕ ಕಟ್ಟಿಕೊಟ್ಟು ಹೋದರು. ಅಲ್ಲಿ ತಮಟೆ, ಪಟ ಕುಣಿತ ನೋಡುವಾಗ ಮೈಕು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಒಳಾಂಗಣದ ಹಾಲಿಗೆ ಮಾತ್ರ ದನಿಯ ಯೋಚನೆ ಯಾರೂ ಮಾಡುವುದಿಲ್ಲ. ಕಟ್ಟುವಾಗ ಕಲ್ಯಾಣ ಮಂಟಪದಂತೆ ಕಟ್ಟಿ, ಆಮೇಲೆ ನನ್ನಂಥವನನ್ನು ಕರೆದು "ಒಳ್ಳೆ ಸೌಂಡ್ ಸಿಸ್ಟಮ್ ಹಾಕಪ್ಪ" ಅನ್ನುತ್ತಾರೆ. ಗೋಡೆ ತಪ್ಪು ಕಟ್ಟಿದ್ದರೆ ಎಷ್ಟು ಸ್ಪೀಕರು ಹಾಕಿದರೂ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಬರುವುದಿಲ್ಲ. ಇದು ನನ್ನ ವ್ಯಾಪಾರಕ್ಕೆ ವಿರುದ್ಧದ ಮಾತು, ಆದರೂ ನಿಜ.

ರಾಮನಗರದಲ್ಲಿ ಸಭಾಂಗಣವೊಂದನ್ನು ಕಟ್ಟುವ ದಿನ ಬಂದರೆ, ಕುರ್ಚಿ ಬೋಲ್ಟು ಮಾಡುವ ಮುಂಚೆ ಕನಕಪುರದ ತಮಟೆಯವರನ್ನು, ಚನ್ನಪಟ್ಟಣದ ಪಿಟೀಲು ಕಲಿಯುವ ಮಕ್ಕಳನ್ನು, ಹರಿಕಥೆಯ ದಾಸರೊಬ್ಬರನ್ನು ಕರೆಸಿ. ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ನುಡಿಸಲಿ, ಹಾಡಲಿ, ಮೈಕಿಲ್ಲದೆ. ಇಂಜಿನಿಯರುಗಳು, ಶಾಸಕರು, ಕಂಟ್ರಾಕ್ಟರು ಎಲ್ಲರೂ ಮೊದಲ ಸಾಲಿನಿಂದ ಬಾಲ್ಕನಿಯ ಕೊನೆಯ ಮೂಲೆಯವರೆಗೆ ನಡೆದು ಕೇಳಲಿ. ಎಲ್ಲಿ ದನಿ ಸಾಯುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗೋಡೆಯನ್ನೋ ಸೂರನ್ನೋ ತಿದ್ದಿ, ಮತ್ತೆ ನುಡಿಸಿ. ಜೊತೆಗೆ ನಡೆಯಲು ಮಾಗಡಿಯಿಂದ ನಾನು ಬರುತ್ತೇನೆ. ಬಾಡಿಗೆ ಕೇಳುವುದಿಲ್ಲ.